ಕೌದಿಗೆ ಕಸೂತಿ: ಮೊದಲು ಹಿಡಿತ, ಆಮೇಲೆ ಹೂವು

ಆಷಾಢದ ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರದ ಕಡೆ ಅಂಗಳಕ್ಕೆ ಇಳಿಯುವುದೇ ಕಷ್ಟ. ಹಳೇ ಹತ್ತಿ ಸೀರೆ, ಪಂಚೆ ಸೇರಿಸಿ ಕೌದಿ ಹೊಲಿಯಲು ಅದೇ ಸರಿಯಾದ ಹೊತ್ತು. ಕಸೂತಿ ಬಲ್ಲವರು ಕೌದಿಗೆ ಕೈ ಹಾಕಿದಾಗ ಸಾಮಾನ್ಯವಾಗಿ ದಿಂಬಿನ ಕವರಿಗೆ ಹಾಕುವ ಹೊಲಿಗೆಗಳನ್ನೇ ಇಲ್ಲೂ ಹಾಕುತ್ತಾರೆ. ಕೌದಿಯನ್ನು ದಿನಾ ಹೊದೆಯುತ್ತೇವೆ, ಎಳೆದಾಡುತ್ತೇವೆ, ಕಲ್ಲಿನ ಮೇಲೆ ಒಗೆಯುತ್ತೇವೆ. ಇಲ್ಲಿ ಹೊಲಿಗೆ ಮೊದಲು ಪದರಗಳನ್ನು ಹಿಡಿದಿರಬೇಕು, ಚಂದ ಆಮೇಲೆ.

ಮೊದಲು ದಾರ. ಕಸೂತಿ ದಾರದ ಒಂದು ಲಡಿ 8 ಮೀಟರ್ ಉದ್ದ, ಅದರಲ್ಲಿ 6 ಎಳೆ. ಬೆರಳ ತುದಿಯಿಂದ ಮೊಣಕೈವರೆಗಿನಷ್ಟೇ ಕತ್ತರಿಸಿಕೊಳ್ಳಿ. ಉದ್ದವಾದರೆ ಸಿಕ್ಕಾಗುತ್ತದೆ, ಜುಂಗು ಏಳುತ್ತದೆ. ಎಳೆಗಳನ್ನು ಒಂದೊಂದಾಗಿ ಬಿಡಿಸಿ ಮತ್ತೆ ಜೋಡಿಸಿ. ಮೇಲ್ಬಟ್ಟೆಯ ಹೂಬಳ್ಳಿಗೆ 2 ಎಳೆ, ಎಲ್ಲ ಪದರ ದಾಟುವ ಹೊಲಿಗೆಗೆ 3. ಸೂಜಿಯ ನಂಬರ್ ಹೆಚ್ಚಾದಂತೆ ಸೂಜಿ ಸಣ್ಣದಾಗುತ್ತದೆ ಎಂಬುದು ಅಂಗಡಿಯಲ್ಲಿ ನೆನಪಿರಲಿ. ಕೆಂಪು, ಕಡುನೀಲಿ ದಾರದ ತುಂಡನ್ನು ಬಿಸಿನೀರಲ್ಲಿ ನೆನೆಸಿ ಬಿಳಿ ಬಟ್ಟೆಯ ನಡುವೆ ಒತ್ತಿ ನೋಡಿ. ನಾನು ನೋಡಲಿಲ್ಲ, ನನ್ನ ಮೊದಲ ಕೌದಿಯ ಬಿಳಿ ಚೌಕಗಳೆಲ್ಲ ಒಂದೇ ಒಗೆತಕ್ಕೆ ಗುಲಾಬಿ ಬಣ್ಣಕ್ಕೆ ತಿರುಗಿದವು.

ಇನ್ನು ರನ್ನಿಂಗ್ ಸ್ಟಿಚ್, ಅಂದರೆ ಸೂಜಿ ಮೇಲೆ ಕೆಳಗೆ ಹೋಗುತ್ತಾ ನೇರ ಸಾಲಾಗಿ ಸಾಗುವ ಹೊಲಿಗೆ. ಇದೊಂದು ಕೈಗೆ ಹತ್ತಿದರೆ ಮುಕ್ಕಾಲು ಕೌದಿ ಮುಗಿದಂತೆ. ಪದರಗಳನ್ನು ನೆಲದ ಮೇಲೆ ಹಾಸಿ, ಸುಕ್ಕು ತೆಗೆದು, ನಡುವಿನಿಂದ ಅಂಚಿನ ಕಡೆಗೆ ಗೇಣಿಗೊಂದು ಸಾಲು ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ದಾರದ ತುದಿಗೆ ಸಣ್ಣ ಗಂಟು. ಶುರುಮಾಡುವ ಜಾಗಕ್ಕಿಂತ ಒಂದಿಂಚು ಆಚೆ ಸೂಜಿಯನ್ನು ಮೇಲ್ಪದರಕ್ಕಷ್ಟೇ ಚುಚ್ಚಿ, ಬೇಕಾದಲ್ಲಿ ಹೊರತೆಗೆದು ಮೆಲ್ಲಗೆ ಎಳೆಯಿರಿ. 'ಟಕ್' ಎಂದು ಗಂಟು ಒಳಗೆ ಹೋಗುತ್ತದೆ. ಹಿಂದೆ ಮುಂದೆ ಎಲ್ಲೂ ಕಾಣುವುದಿಲ್ಲ. ಆಮೇಲೆ ಎಡಗೈ ಬಟ್ಟೆಯ ಕೆಳಗಿರಲಿ. "ಅಡೀಲಿ ಬೆರಳಿಡೇ" ಎಂದು ಅಜ್ಜಿ ಗದರುತ್ತಿದ್ದುದು ಇದಕ್ಕೇ. ಸೂಜಿಯ ಮೊನೆ ಕೆಳಗಿನ ಬೆರಳಿಗೆ ತಾಗಿದರೆ ಮಾತ್ರ ಕೊನೆಯ ಪದರವೂ ಸಿಕ್ಕಿದೆ ಎಂದರ್ಥ. ತಾಗಿದ ಕೂಡಲೇ ಮೊನೆಯನ್ನು ಮೇಲಕ್ಕೆ ತಿರುಗಿಸಿ. ಹೀಗೆ ಮೂರು ನಾಲ್ಕು ಹೊಲಿಗೆ ಸೂಜಿಗೆ ತುಂಬಿಕೊಂಡು ಒಮ್ಮೆಲೇ ಎಳೆಯಿರಿ. ಸಾಲು ಮುಗಿದ ಮೇಲೆ ಅಂಗೈಯಿಂದ ಸವರಿ. ಬಟ್ಟೆ ಮುದುಡಿದ್ದರೆ ದಾರ ಬಿಗಿಯಾಗಿದೆ, ಸಡಿಲಿಸಿ.

ಪಕ್ಕದ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಸಿದ್ದಿ ಸಮುದಾಯದ ಹೆಂಗಸರು ಇದೊಂದೇ ಹೊಲಿಗೆಯಲ್ಲಿ ಇಡೀ ಕೌದಿ ಮುಗಿಸುತ್ತಾರೆ. ಅಂಚಿನಿಂದ ಹಿಡಿದು ಸುತ್ತುತ್ತಾ ನಡುವಿಗೆ ಬರುವುದು ಅವರ ಕ್ರಮ. ಒಮ್ಮೆ ಹತ್ತಿರದಿಂದ ನೋಡಿದರೆ ಅಲಂಕಾರಕ್ಕೆ ಬೇರೆ ಹೊಲಿಗೆ ಬೇಕೇ ಎನಿಸುತ್ತದೆ.

ಹಿಂಬದಿಯೂ ಅಚ್ಚುಕಟ್ಟಾಗಿ ಕಾಣಬೇಕೆಂದರೆ ಧಾರವಾಡದ ಕಡೆಯ ಕಸೂತಿಯ 'ಗವಂತಿ' ಹೊಲಿಗೆ ಕಲಿಯಿರಿ. ರನ್ನಿಂಗ್ ಸ್ಟಿಚ್‌ನಲ್ಲಿ ಹೋಗಿ, ವಾಪಸ್ಸು ಬರುವಾಗ ಬಿಟ್ಟ ಜಾಗಗಳನ್ನು ತುಂಬುವುದು, ಅಷ್ಟೇ. ಎರಡೂ ಬದಿ ಒಂದೇ ಗೆರೆ. ಇದನ್ನು ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ. ಸವೆದ ಸೀರೆಯಲ್ಲಿ ಎಣಿಸುವುದು ಕಷ್ಟ, ಹಾಗಾಗಿ ಪೆನ್ಸಿಲ್ಲಿನಿಂದ ತೆಳುವಾಗಿ ಚುಕ್ಕೆ ಇಟ್ಟುಕೊಳ್ಳಿ.

ತೇಪೆಯ ಅಂಚಿಗೆ ಕಾಜಾ ಹೊಲಿಗೆ. ಹೊಲಿಗೆಯಿಂದ ಹೊಲಿಗೆಗೆ 3–4 ಮಿಲಿಮೀಟರ್ ಸಾಕು, ಪ್ರತಿ ಸಲವೂ ಸೂಜಿ ದಾರದ ಕುಣಿಕೆಯ ಮೇಲಿಂದಲೇ ಹೊರಬರಲಿ. ಎರಡು ತುಂಡು ಕೂಡುವ ಗೆರೆಯ ಮೇಲೆ ಹೆರಿಂಗ್‌ಬೋನ್ (ಮೀನಿನ ಮುಳ್ಳಿನಂತೆ ಅಡ್ಡಡ್ಡ ದಾಟುವ ಹೊಲಿಗೆ) ಒಪ್ಪುತ್ತದೆ. ಸರಪಳಿ ಹೊಲಿಗೆ ಹಾಕುವುದಾದರೆ ಕೊಂಡಿಗಳು ಅಕ್ಕಿಕಾಳಿಗಿಂತ ದೊಡ್ಡದಾಗಬಾರದು; ದೊಡ್ಡದಾದರೆ ಕಾಲುಂಗುರಕ್ಕೆ ಸಿಕ್ಕಿ ಕಿತ್ತು ಬರುತ್ತವೆ. ಚುಕ್ಕೆಯಂತೆ ಕಾಣುವ ಪುಟ್ಟ ಗಂಟು ಫ್ರೆಂಚ್ ನಾಟ್‌ಗೆ ದಾರವನ್ನು ಸೂಜಿಗೆ ಎರಡು ಸುತ್ತು ಸುತ್ತಿ, ಬಂದ ತೂತಿಗೇ ಹಾಕದೆ ಒಂದೆಳೆ ಪಕ್ಕಕ್ಕೆ ಇಳಿಸಿ. ಅದೇ ತೂತಾದರೆ ಗಂಟು ಹಿಂದಕ್ಕೆ ಜಾರುತ್ತದೆ. ಸರಪಳಿ, ಫ್ರೆಂಚ್ ನಾಟ್ ಎರಡನ್ನೂ ಪದರ ಸೇರಿಸುವ ಮೊದಲೇ, ಮೇಲ್ಬಟ್ಟೆಯನ್ನು ರಿಂಗಿಗೆ (ಬಟ್ಟೆ ಬಿಗಿಯಾಗಿ ಹಿಡಿಯುವ ಕಸೂತಿ ಬಳೆ) ಹಾಕಿ ಮುಗಿಸಿಬಿಡಿ.

ನಮ್ಮ ಮಳೆಗಾಲಕ್ಕೆ ಇನ್ನೊಂದು ಮಾತು: ರಾತ್ರಿ ಎದ್ದು ಹೋಗುವಾಗ ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿಡಬೇಡಿ, ರಿಂಗನ್ನೂ ಬಿಚ್ಚಿಡಿ. ಥಂಡಿಗೆ ಸೂಜಿ ತುಕ್ಕು ಹಿಡಿದರೆ ಆ ಕಲೆ ಎಷ್ಟು ಒಗೆದರೂ ಹೋಗುವುದಿಲ್ಲ.