ದುಬೈ ಕಮಿಷನ್ ಕೇಸ್: ಬಿಲ್‌ಗೊಂದು ಕಂತೆ ಕಟ್ಟಿ ಗೆದ್ದೆ

ನಮ್ಮದು ಗ್ರಾನೈಟ್ ರಫ್ತು. ಸರಕು ಹೋಗುವುದು ಪೋಲೆಂಡಿಗೆ, ಐದು ಪರ್ಸೆಂಟ್ ಕಮಿಷನ್ ಹೋಗುವುದು ನಮ್ಮ ಏಜೆಂಟ್ ಆದ ದುಬೈ ಕಂಪನಿಗೆ. ಆದಾಯ ತೆರಿಗೆಯವರ ಸ್ಕ್ರೂಟಿನಿಯಲ್ಲಿ (ರಿಟರ್ನ್ ತಪಾಸಣೆ) ಇದೇ ಕಣ್ಣಿಗೆ ಬಿತ್ತು. ಕಮಿಷನ್ ಕೊಡುವಾಗ ಟಿಡಿಎಸ್ (ಮೂಲದಲ್ಲೇ ತೆರಿಗೆ) ಹಿಡಿದಿಲ್ಲ, ಏಜೆಂಟ್ ಕೆಲಸ ಮಾಡಿದ್ದಕ್ಕೆ ಪುರಾವೆಯೂ ಇಲ್ಲ ಅಂತ ಸುಮಾರು 60 ಲಕ್ಷದ ಕಮಿಷನ್ನನ್ನು ನಮ್ಮ ಆದಾಯಕ್ಕೆ ಸೇರಿಸಿದರು. ಬಡ್ಡಿ ಸೇರಿ 22 ಲಕ್ಷದ ಹತ್ತಿರ ಡಿಮ್ಯಾಂಡ್. ವಸೂಲಿಗೆ ಸ್ಟೇ ಸಿಗಲು ಅದರ 20 ಪರ್ಸೆಂಟ್ ಕಟ್ಟಬೇಕಾಯಿತು. ಆ ಸೀಸನ್ನಿನಲ್ಲಿ ಕ್ವಾರಿಗೆ ಕೊಡಬೇಕಿದ್ದ ಅಡ್ವಾನ್ಸ್ ಅಲ್ಲೇ ಹೋಯಿತು.

ಮೊದಲ ಅಪೀಲಿನಲ್ಲಿ ಆಡಿಟರ್ ಬರೀ ತೀರ್ಪುಗಳನ್ನು ನಂಬಿದರು. 1980ರ ತೋಷೋಕು, 2010ರ ಜಿಇ ಇಂಡಿಯಾ, ಎರಡೂ ಸುಪ್ರೀಂ ಕೋರ್ಟಿನವು. ವಿದೇಶಿ ಏಜೆಂಟ್ ಹೊರದೇಶದಲ್ಲೇ ಮಾಡಿದ ಕೆಲಸಕ್ಕೆ ಇಲ್ಲಿ ತೆರಿಗೆ ಇಲ್ಲ, ತೆರಿಗೆ ಇಲ್ಲದ ಕಡೆ ಟಿಡಿಎಸ್ಸೂ ಇಲ್ಲ ಅನ್ನುವುದಕ್ಕೆ ಅವು ಸಾಕು. ಆದರೆ ಪ್ರಶ್ನೆ ಸೆಕ್ಷನ್ 37ಕ್ಕೆ, ಅಂದರೆ ಖರ್ಚು ವ್ಯಾಪಾರಕ್ಕಾಗಿಯೇ ಆಗಿದೆಯಾ ಅನ್ನುವುದಕ್ಕೆ, ತಿರುಗಿತು: ಏಜೆಂಟ್ ಮಾಡಿದ್ದೇನು, ತೋರಿಸಿ. ವಿದೇಶಕ್ಕೆ ಹಣ ಕಳಿಸಲು ಸಿಎ ಕೊಡುವ 15ಸಿಬಿ ಸರ್ಟಿಫಿಕೇಟನ್ನು ಯಾರೂ ಕೇಳಲಿಲ್ಲ. ಸೋತೆವು. "ಕಟ್ಟಿ ಮುಗಿಸಿಬಿಡಿ ಸಾರ್" ಅಂದವರೇ ಜಾಸ್ತಿ.

ಎರಡನೇ ಅಪೀಲಿಗೆ ಟ್ರಿಬ್ಯುನಲ್‌ಗೆ ಹೋಗುವ ಮುಂಚೆ ನಾನೇ ಕೂತು ಬಿಲ್‌ಗೊಂದು ಕಂತೆ ಮಾಡಿದೆ. ಏಜೆಂಟನ ಮೊದಲ ಮೇಲ್, ಪರ್ಚೇಸ್ ಆರ್ಡರ್, ಶಿಪ್ಪಿಂಗ್ ಬಿಲ್, ಕಮಿಷನ್ ಇನ್‌ವಾಯ್ಸ್, ಬ್ಯಾಂಕಿನಿಂದ ಹಣ ಹೋದದ್ದಕ್ಕೆ ಸ್ವಿಫ್ಟ್ ಕಾಪಿ. ಶಿಪ್ಪಿಂಗ್ ಬಿಲ್‌ನಲ್ಲಿ ಕಮಿಷನ್ ಕಲಂ ಇದೆ ಅಲ್ವಾ, ಅದೇ ಬಲ ಕೊಟ್ಟಿತು. ಕೇಸ್ ಹುಟ್ಟುವ ಮೊದಲೇ ಕಸ್ಟಮ್ಸ್‌ಗೆ ಹೇಳಿದ ಲೆಕ್ಕ ಅದು. ಇನ್ನೊಂದು, ಪೋಲೆಂಡಿನ ಗ್ಡಿನಿಯಾ ಬಂದರಿನ ಫೋಟೊ. ಬಿರುಕು ಬಿಟ್ಟ ಸ್ಲ್ಯಾಬ್ ಮೇಲೆ ಏಜೆಂಟನ ಕಡೆಯವನು ಟೇಪ್ ಹಿಡಿದಿದ್ದಾನೆ, ಪಕ್ಕದಲ್ಲಿ ಸೀಮೆಸುಣ್ಣದಲ್ಲಿ ಕ್ರೇಟ್ ನಂಬರ್. ಆದರೆ ಇಂಥವನ್ನು ಹೆಚ್ಚು ಹಾಕಬೇಡಿ, ಇದು ಕಮಿಷನ್ ಅಲ್ಲ, ತಾಂತ್ರಿಕ ಸೇವೆ ಅಂದು ಮತ್ತೆ ಟಿಡಿಎಸ್ ಎತ್ತುತ್ತಾರೆ. ಅದಕ್ಕೆ ರಫ್ತು ಏಜೆಂಟನ ಕಮಿಷನ್ ತಾಂತ್ರಿಕ ಸೇವೆಯ ಶುಲ್ಕವಲ್ಲ ಎಂದ ಮದ್ರಾಸ್ ಹೈಕೋರ್ಟಿನ 2014ರ ಫೈಜಾನ್ ಶೂಸ್ ತೀರ್ಪು ಜೊತೆಗಿಟ್ಟಿದ್ದೆ. ಕಂತೆಯ ಮೇಲಿನ ಒಂದು ಪುಟದ ಪಟ್ಟಿಯಲ್ಲಿ ಏನೇನು ಕಾಲಂ ಇತ್ತು ಅಂತ ಮಾತ್ರ ಹೇಳಲ್ಲ, ಮುಂದಿನ ವರ್ಷದ ಕೇಸ್ ಇನ್ನೂ ನಡೀತಿದೆ.

ನಡುವೆ ಕಮಿಷನ್ ನಿಲ್ಲಿಸಿ ಪೋಲೆಂಡಿನವರಿಗೇ ಡಿಸ್ಕೌಂಟ್ ಕೊಟ್ಟೂ ನೋಡಿದೆ. ಎಫ್‌ಒಬಿ (ಹಡಗಿಗೆ ಏರಿಸುವವರೆಗಿನ ಸರಕಿನ ಬೆಲೆ) ಇಳಿಯಿತು, ಅದರ ಮೇಲೆ ಸರ್ಕಾರ ವಾಪಸ್ ಕೊಡುವ ಸುಂಕ, ಅಂದರೆ ಡ್ರಾಬ್ಯಾಕ್, ಕಡಿಮೆಯಾಯಿತು, ಬಾಕಿ ವಸೂಲಿಗೆ ಅಲ್ಲಿ ಯಾರೂ ಇಲ್ಲದಂತಾಯಿತು. ಎರಡು ಶಿಪ್‌ಮೆಂಟ್‌ಗೇ ಬಿಟ್ಟೆ.

ಟ್ರಿಬ್ಯುನಲ್ ತನ್ನ ನಿಯಮ 29ರಡಿ ಹೊಸ ದಾಖಲೆ ತೆಗೆದುಕೊಂಡು ಕೇಸನ್ನು ತೆರಿಗೆ ಅಧಿಕಾರಿಗೇ ವಾಪಸ್ ಕಳಿಸಿತು. ಇದಕ್ಕೂ ಸ್ನೇಹಿತರು "ಮತ್ತೆ ಅಲ್ಲಿಗೇ ಬಂತಲ್ಲ" ಅಂದರು. ನನಗೆ ಬೇಕಾಗಿದ್ದೇ ಅದು. ಈ ಸಲ ಬಂದ ಅಧಿಕಾರಿ ಕಂತೆ ಕಂತೆ ಬಿಚ್ಚಿ ನೋಡಿದರು. ಮೇಲ್ ಸಿಗದ ಒಂದೆರಡು ಬಿಲ್‌ಗಳ ಎರಡು ಲಕ್ಷ ಚಿಲ್ಲರೆ ಬಿಟ್ಟು ಮಿಕ್ಕಿದ್ದೆಲ್ಲ ಒಪ್ಪಿದರು. ಕಟ್ಟಿದ ದುಡ್ಡಿನಲ್ಲಿ ಬಹುಪಾಲು ಬಡ್ಡಿ ಸಮೇತ ಬಂತು, ತಿಂಗಳಿಗೆ ಅರ್ಧ ಪರ್ಸೆಂಟ್. ನಾನು ಬ್ಯಾಂಕ್ ಓವರ್‌ಡ್ರಾಫ್ಟಿಗೆ ಕಟ್ಟಿದ ಬಡ್ಡಿಯಲ್ಲಿ ಅದು ಅರ್ಧವೂ ಅಲ್ಲ.