ಬಚ್ಚಲೊಲೆ ಕೀಳುವ ಮೊದಲು ಬಕೆಟ್ ಇಟ್ಟು ಅಳೆಯಿರಿ

ಮಲೆನಾಡಿನಲ್ಲಿ ಹಳೆ ಮನೆ ರಿಪೇರಿಗೆ ಕೈಹಾಕಿದರೆ ಮೊದಲು ಹೋಗುವುದು ಬಚ್ಚಲೊಲೆ ಮತ್ತು ಹಂಡೆ. ಅಡಿಕೆ ಸಿಪ್ಪೆ ಒಟ್ಟುವ ಕೆಲಸವಿಲ್ಲ, ಹೊಗೆಯಿಲ್ಲ, ಗೋಡೆಗೊಂದು ಗ್ಯಾಸ್ ಗೀಸರ್ ಸಾಕು, ಬಿಸಿನೀರು ಮುಗಿಯುವುದೇ ಇಲ್ಲ ಎನ್ನುತ್ತಾರೆ ಅಂಗಡಿಯವರು. ಮುಗಿಯುವುದಿಲ್ಲ, ನಿಜ. ಎಷ್ಟು ಬಿಸಿ, ಎಷ್ಟು ದಪ್ಪ ಧಾರೆ ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ. ಬ್ರಿಟನ್ನಿನ ಮನೆಗಳಲ್ಲಿರುವ ಕಾಂಬಿ ಬಾಯ್ಲರ್‌ಗೂ ಇದೇ ಕಾಯಿಲೆ. ಕೋಣೆ ಬೆಚ್ಚಗಿಡುವುದೂ ಸ್ನಾನದ ನೀರು ಕಾಯಿಸುವುದೂ ಒಂದೇ ಪೆಟ್ಟಿಗೆ, ಬಿಸಿನೀರು ಕೂಡಿಡುವ ಟ್ಯಾಂಕ್ ಇಲ್ಲ. ಎರಡು ನಲ್ಲಿ ಒಟ್ಟಿಗೆ ತೆರೆದರೆ ಎರಡೂ ಸೊರಗುತ್ತವೆ.

ಹಾಗಾಗಿ ಮೊದಲು ಅಳತೆ. ಡಿಸೆಂಬರ್-ಜನವರಿಯ ಒಂದು ಬೆಳಗ್ಗೆ ನಲ್ಲಿಯ ತಣ್ಣೀರಿಗೆ ಥರ್ಮಾಮೀಟರ್ ಅದ್ದಿ. ಜ್ವರ ನೋಡುವುದು ಬೇಡ, ಅಡುಗೆಯದು ಅಥವಾ ಪ್ರಯೋಗಾಲಯದ್ದು ಆಗಬೇಕು. ಆಮೇಲೆ ಬಚ್ಚಲ ನಲ್ಲಿಯ ಕೆಳಗೆ ಬಕೆಟ್ ಇಟ್ಟು, ಒಂದು ನಿಮಿಷಕ್ಕೆ ಎಷ್ಟು ಲೀಟರ್ ಬೀಳುತ್ತದೆ ನೋಡಿ.

ಇನ್ನು ಈ ಎರಡು ಅಳತೆಗಳಿಂದ ಎಷ್ಟು ಕಿಲೋವ್ಯಾಟ್ ಬೇಕೆಂಬ ಲೆಕ್ಕ. 1 ಕಿಲೋವ್ಯಾಟ್ ಶಾಖ ನಿಮಿಷಕ್ಕೆ ಸುಮಾರು 14 ಲೀಟರ್ ನೀರನ್ನು 1 ಡಿಗ್ರಿ ಏರಿಸುತ್ತದೆ, ಅಷ್ಟೆ. ಗ್ಯಾಸ್ ಗೀಸರ್ ಮೇಲೆ ಬರೆದಿರುವ '6 ಲೀಟರ್' ಅದರ ಹೊಟ್ಟೆಯ ಅಳತೆಯಲ್ಲ. 25 ಡಿಗ್ರಿ ಏರಿಸುವಾಗ ನಿಮಿಷಕ್ಕೆ ಬರುವ ನೀರು. ಅಂದರೆ ಸುಮಾರು 10.5 ಕಿಲೋವ್ಯಾಟ್. ತಣ್ಣೀರು 18 ಡಿಗ್ರಿ ಇದ್ದರೆ 43ಕ್ಕೆ ಏರಿಸಿ 20 ಲೀಟರಿನ ಬಕೆಟ್ ತುಂಬಲು ಮೂರೂಕಾಲು ನಿಮಿಷ ದಾಟುತ್ತದೆ. ಎಣ್ಣೆಸ್ನಾನಕ್ಕೆ 53 ಡಿಗ್ರಿ ಬೇಕೆಂದರೆ ಧಾರೆ ನಾಲ್ಕೂಕಾಲು ಲೀಟರಿಗೆ ಇಳಿಯಿತು. ನೀರು ಕೂಡಿಡದೆ ಹರಿಯುವಾಗಲೇ ಕಾಯಿಸುವ 3 ಕಿಲೋವ್ಯಾಟಿನ ಇನ್‌ಸ್ಟಂಟ್ ವಿದ್ಯುತ್ ಗೀಸರ್ ಆದರೆ 43ರ ಬಕೆಟ್‌ಗೇ ಹತ್ತಿರ ಹತ್ತಿರ 12 ನಿಮಿಷ. ದೀಪಾವಳಿಯ ಬೆಳಗ್ಗೆ ಎಣ್ಣೆ ಹಚ್ಚಿಕೊಂಡು ಸಾಲುಗಟ್ಟಿ ಕೂತವರಿಗೆ ಈ ಲೆಕ್ಕ ಸರಿಯಾಗಿ ಅರ್ಥವಾಗುತ್ತದೆ.

ಬಿಸಿ ಎಷ್ಟಕ್ಕಿಡಬೇಕು? ಇಲ್ಲೇ ಹೆಚ್ಚಿನವರು ಎಡವುವುದು. ಗ್ಯಾಸ್ ಗೀಸರನ್ನು ಪೂರ್ತಿ ಏರಿಸಿ ಶವರಿನಲ್ಲಿ ತಣ್ಣೀರು ಬೆರೆಸಬೇಡಿ. ತಣ್ಣೀರು ಜಾಸ್ತಿಯಾದಂತೆ ಗೀಸರಿನೊಳಗಿನ ಹರಿವು ಕಡಿಮೆಯಾಗಿ, ಒಂದು ಹಂತದಲ್ಲಿ ಉರಿಯೇ ಆರಿಹೋಗುತ್ತದೆ, ಮೈಮೇಲೆ ತಣ್ಣೀರು ಬೀಳುತ್ತದೆ. ಗ್ಯಾಸ್ ಗುಂಡಿ ತಗ್ಗಿಸಿ, ನೀರಿನ ಗುಂಡಿ ಹೊಂದಿಸಿ, ಹೊರಬರುವ ನೀರೇ 42ರಿಂದ 45 ಡಿಗ್ರಿ ಇರುವಂತೆ ನೋಡಿಕೊಳ್ಳಿ.

ಟ್ಯಾಂಕ್ ಇರುವ ಗೀಸರಿನದು ಇದಕ್ಕೆ ತದ್ವಿರುದ್ಧ. ಅಲ್ಲಿ 60 ಡಿಗ್ರಿ ಬೇಕು. 20ರಿಂದ 45 ಡಿಗ್ರಿಯ ಉಗುರುಬೆಚ್ಚನೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದರ ಹನಿಗಳು ಉಸಿರಿಗೆ ಹೋದರೆ ನ್ಯುಮೋನಿಯಾ ಬರಬಹುದು. ನಮ್ಮ ಕಡೆ ಇದು ಮುಖ್ಯವಾಗಿ ಸೋಲಾರ್‌ನವರ ತಲೆನೋವು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಕಾಣದೆ ಟ್ಯಾಂಕಿನ ನೀರು ದಿನಗಟ್ಟಲೆ ಬೆಚ್ಚಗೆ ನಿಂತಿರುತ್ತದೆ. ಒಳಗಿನ ವಿದ್ಯುತ್ ಕಾಯಿಲ್ ಹಾಕಿ ಆಗಾಗ 60ಕ್ಕೆ ಏರಿಸಿ. ಆ ನೀರು ನೇರ ಚರ್ಮಕ್ಕೆ ಬಿದ್ದರೆ ಐದೇ ಸೆಕೆಂಡಿನಲ್ಲಿ ಸುಡುತ್ತದೆ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. 15 ಲೀಟರ್ 60ರ ನೀರಿಗೆ 20 ಡಿಗ್ರಿಯ ತಣ್ಣೀರು ಅಷ್ಟೇ ಬೆರೆಸಿದರೆ 40 ಡಿಗ್ರಿಯ 30 ಲೀಟರ್ ಸಿಗುತ್ತದೆ.

ಮಳೆಗಾಲದಲ್ಲಿ ಕರೆಂಟ್ ಹೋದಾಗಲೂ ಬ್ಯಾಟರಿಯಿಂದ ಹೊತ್ತಿಕೊಳ್ಳುವ ಗ್ಯಾಸ್ ಗೀಸರ್ ಕೈಬಿಡುವುದಿಲ್ಲ, ಅದಕ್ಕೆ ನಾನೂ ಅದನ್ನು ಬೇಡವೆನ್ನಲಾರೆ. ಆದರೆ ಬಚ್ಚಲ ಒಳಗೆ ಖಂಡಿತ ಬೇಡ. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ತಲೆಸುತ್ತು ಬರುವಷ್ಟರಲ್ಲಿ ಎದ್ದು ಬಾಗಿಲು ತೆಗೆಯಲೂ ಆಗದಿರಬಹುದು. ಗೀಸರ್, ಸಿಲಿಂಡರ್ ಎರಡನ್ನೂ ಗಾಳಿಯಾಡುವ ಹೊರಗೋಡೆಯ ಕಡೆ, ಇರಚಲು ತಾಗದ ಹಾಗೆ ಇಡಿಸಿ. ಆದರೆ ಬಚ್ಚಲಿಗೆ ದೂರವಾಗದಿರಲಿ: ಅರ್ಧ ಇಂಚಿನ ಪೈಪ್ 10 ಮೀಟರ್ ಇದ್ದರೆ ಪ್ರತಿ ಸಲವೂ ಮೊದಲ ಒಂದೂಕಾಲು ಲೀಟರ್ ತಣ್ಣಗೇ ಬರುತ್ತದೆ. ಉರಿ ನೀಲಿ ಇರಬೇಕು, ಹಳದಿಯಾದರೆ ಮೆಕ್ಯಾನಿಕ್‌ನನ್ನು ಕರೆಸಿ.

ಗುಡ್ಡದಿಂದ ಅಬ್ಬಿ ನೀರು ಪೈಪಿನಲ್ಲಿ ಬರುವ ಮನೆಗಳಲ್ಲಿ ಇನ್ನೊಂದು ಕೆಲಸವಿದೆ. ಎಲೆಚೂರು, ಮಣ್ಣು ಸೇರಿ ಗೀಸರಿನ ಬಾಯಲ್ಲಿರುವ ಜಾಲರಿ ಕಟ್ಟಿಕೊಂಡರೆ ಹರಿವು ಸಾಲದೆ ಉರಿ ಹತ್ತುವುದೇ ಇಲ್ಲ. ಮಳೆ ಹಿಡಿಯುವ ಮುಂಚೆ ಒಮ್ಮೆ ಗೀಸರಿಗೆ ಬರುವ ನೀರು ಬಂದ್ ಮಾಡಿ, ಜಾಲರಿ ಬಿಚ್ಚಿ ತೊಳೆಯಿರಿ, ಬ್ಯಾಟರಿಯನ್ನೂ ಬದಲಿಸಿ.