ಬ್ಯಾಕ್ಟೀರಿಯಾ ಬಚ್ಚಿಟ್ಟ ಸಕ್ಕರೆಯನ್ನು ನಾನು ಅಳೆದ ಬಗೆ

ಕೋಸಂಬರಿಗೆ ಮೊದಲೇ ಉಪ್ಪು ಹಾಕಿಟ್ಟರೆ ಸೌತೆಕಾಯಿ ನೀರು ಬಿಡುತ್ತದೆ, ಅಲ್ವಾ? ಉಪ್ಪು ಜಾಸ್ತಿ ಇರುವ ಕಡೆ ಬ್ಯಾಕ್ಟೀರಿಯಾದ ಪಾಡೂ ಅದೇ. ಒಳಗಿನ ನೀರು ಹೊರಗೆ ಹೋಗದಂತೆ ಈ. ಕೋಲಿ ಎಂಬ ಬ್ಯಾಕ್ಟೀರಿಯಾ ಟ್ರೆಹಲೋಸ್ ಎಂಬ ಸಕ್ಕರೆ ಮಾಡಿ ಒಳಗೆ ತುಂಬಿಕೊಳ್ಳುತ್ತದೆ. ಎಂ.ಎಸ್ಸಿ. ಪ್ರಾಜೆಕ್ಟ್‌ನಲ್ಲಿ ಅದನ್ನು ಅಳೆಯುವುದೇ ನನ್ನ ಕೆಲಸ.

ಸಕ್ಕರೆ ಮಾಡಲು ಎರಡೇ ಕಿಣ್ವ ಸಾಕು. ಓಟ್ಸ್‌-ಎ ಯುಡಿಪಿ-ಗ್ಲೂಕೋಸ್ ಎಂಬ, ಗ್ಲೂಕೋಸ್ ಹೊತ್ತ ಅಣುವಿನಿಂದ ಗ್ಲೂಕೋಸ್ ತೆಗೆದು ಗ್ಲೂಕೋಸ್-6-ಫಾಸ್ಫೇಟ್‌ಗೆ (ಫಾಸ್ಫೇಟ್ ಅಂಟಿದ ಗ್ಲೂಕೋಸ್) ಜೋಡಿಸುತ್ತದೆ. ಓಟ್ಸ್‌-ಬಿ ಆ ಫಾಸ್ಫೇಟನ್ನು ಕಳಚುತ್ತದೆ. ಉಳಿದದ್ದೇ ಟ್ರೆಹಲೋಸ್.

ಮೊದಲು ಎಲ್ಲರಂತೆ ಡಿಎನ್‌ಎಸ್ ಎಂಬ, ಸಕ್ಕರೆ ಪತ್ತೆಹಚ್ಚುವ ರಾಸಾಯನಿಕ ಹಾಕಿ ಕುದಿಸಿದೆ. ಹಳದಿ ಬಣ್ಣ ಕೆಂಪಾಗಲೇ ಇಲ್ಲ. ಕಾರಣ ಸಕ್ಕರೆಯ ರಚನೆಯಲ್ಲೇ ಇತ್ತು. ಎರಡು ಗ್ಲೂಕೋಸ್‌ಗಳೂ ತಮ್ಮ ಒಂದನೇ ಕಾರ್ಬನ್‌ನಿಂದಲೇ ಸೇರಿಕೊಂಡಿವೆ, ಡಿಎನ್‌ಎಸ್ ಹುಡುಕುವ ತುದಿಯೇ ಅಲ್ಲಿಲ್ಲ. ಆ ತುದಿ ಇಲ್ಲದ್ದರಿಂದಲೇ ಎಷ್ಟು ತುಂಬಿದರೂ ಇದು ಪ್ರೋಟೀನ್‌ಗಳಿಗೆ ಅಂಟಿ ಕೆಡಿಸುವುದಿಲ್ಲ. ಎಂಥ ಚೆಂದದ ಆಯ್ಕೆ ಅನ್ನಿಸಿತು ನನಗೆ.

ಆಮೇಲೆ ಆಂಥ್ರೋನ್‌ಗೆ ಬದಲಾಯಿಸಿದೆ. ಆ ತುದಿ ಇಲ್ಲದ ಸಕ್ಕರೆಯ ಜೊತೆಗೂ ನೀಲಿ-ಹಸಿರು ಬಣ್ಣ ಕೊಡುವ ರಾಸಾಯನಿಕ ಅದು. ಜೀವಕೋಶಗಳನ್ನು 80% ಬಿಸಿ ಎಥನಾಲ್‌ನಲ್ಲಿಟ್ಟು ಸಕ್ಕರೆ ಇಳಿಸಿಕೊಂಡೆ. ಕ್ಷಾರ ಹಾಕಿ ಕುದಿಸಿ ಬಿಡಿ ಗ್ಲೂಕೋಸನ್ನು ನಾಶ ಮಾಡಿದೆ, ಟ್ರೆಹಲೋಸ್ ಅದಕ್ಕೆ ಜಗ್ಗುವುದಿಲ್ಲ. ಕೊನೆಗೆ ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿದ ಆಂಥ್ರೋನ್.

ಆದರೂ ಬಣ್ಣ ತೀರಾ ತೆಳು. ಇಲ್ಲಿ ನಾನು ಬಹಳ ದಿನ ಒದ್ದಾಡಿದೆ. ಕಿಣ್ವದ ಜೀನ್ ಸರಿಯಿತ್ತು, ಉಪ್ಪೂ ಸರಿಯಿತ್ತು. ತಪ್ಪು ಇದ್ದದ್ದು ಆಹಾರದಲ್ಲಿ. ನಾನು ಬೆಳೆಸುತ್ತಿದ್ದುದು ಎಲ್‌ಬಿ ಎಂಬ, ಲ್ಯಾಬ್‌ಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಸಾರಿನಲ್ಲಿ. ಅದರ ಯೀಸ್ಟ್ ಸತ್ವದಲ್ಲಿ ಗ್ಲೈಸಿನ್ ಬೀಟೈನ್ ಇರುತ್ತದೆ. ನೀರು ಹಿಡಿದಿಡುವ ವಸ್ತು ಹೊರಗೆ ಸಿದ್ಧವಾಗಿ ಸಿಕ್ಕರೆ ಬ್ಯಾಕ್ಟೀರಿಯಾ ಅದನ್ನೇ ಎಳೆದುಕೊಳ್ಳುತ್ತದೆ, ಸುಮ್ನೆ ಗ್ಲೂಕೋಸ್ ಖರ್ಚು ಮಾಡಿ ಸಕ್ಕರೆ ಯಾಕೆ ಕಟ್ಟಬೇಕು?

ಎಂ9 ಲವಣಗಳು (ಬೀಟೈನ್ ಇಲ್ಲದ, ಬರೀ ಲವಣಗಳ ಮಿಶ್ರಣ), ಗ್ಲೂಕೋಸ್, 0.5 ಮೋಲಾರ್ ಅಡುಗೆ ಉಪ್ಪು. ಇಷ್ಟರಲ್ಲೇ ಮತ್ತೆ ಬೆಳೆಸಿದೆ. ಬೆಳವಣಿಗೆ ನಿಧಾನ, ಆದರೆ ಕಾಯುವುದು ಬಿಟ್ಟು ಬೇರೆ ದಾರಿಯಿಲ್ಲ. ಇನ್ನೊಂದು ಮಾತು, ಇದನ್ನು ಮಾಡುವವರು ದಯವಿಟ್ಟು ನೆನಪಿಡಿ: ಜೀವಕೋಶಗಳನ್ನು ಬರೀ ನೀರಿನಲ್ಲಿ ತೊಳೆಯಬೇಡಿ. ಉಪ್ಪು ತಟ್ಟನೆ ಇಳಿದರೆ ಕೋಶಪೊರೆಯ ಬಾಗಿಲುಗಳು ತೆರೆದು ಟ್ರೆಹಲೋಸ್ ಹೊರಗೆ ಹರಿದುಹೋಗುತ್ತದೆ. ಅಷ್ಟೇ ಉಪ್ಪಿರುವ, ಗ್ಲೂಕೋಸ್ ಇಲ್ಲದ ದ್ರಾವಣದಲ್ಲಿ ತೊಳೆಯಿರಿ.

ಆ ಸಲ ಎರಡು ಟ್ಯೂಬ್‌ಗಳನ್ನು ಅಕ್ಕಪಕ್ಕ ಕುದಿಯಲು ಇಟ್ಟಿದ್ದೆ. ಒಂದರಲ್ಲಿ ಸಾಮಾನ್ಯ ತಳಿ, ಇನ್ನೊಂದರಲ್ಲಿ ಓಟ್ಸ್‌-ಎ ಇಲ್ಲದ ತಳಿ. ಎರಡನೆಯದು ಈ ಉಪ್ಪಿನಲ್ಲಿ ಸರಿಯಾಗಿ ಬೆಳೆದೂ ಇರಲಿಲ್ಲ. ಅದಕ್ಕೆ ಜಾಸ್ತಿ ಸಾರು ತೆಗೆದುಕೊಂಡು ಎರಡರಲ್ಲೂ ಕೋಶಗಳ ತೂಕ ಸಮ ಮಾಡಿಕೊಂಡಿದ್ದೆ. ಹತ್ತು ನಿಮಿಷದ ಮೇಲೆ ಹೊರತೆಗೆದಾಗ ಮೊದಲನೆಯದು ಕಡು ನೀಲಿ-ಹಸಿರು. ಎರಡನೆಯದು ಹಳದಿಯಾಗಿಯೇ ಇತ್ತು.